ಏಳಲಾರದ ಮರಿಯ ಮೊದಲ ವಾರ

ಕಾವಿಗೆ ಇಟ್ಟ ಕೋಳಿಮೊಟ್ಟೆಗಳು 21ನೆಯ ದಿನದ ಹೊತ್ತಿಗೆ ಒಡೆದು ಮರಿಗಳೆಲ್ಲ ಚಿಂವ್‌ಗುಡುತ್ತಿರುವಾಗ ಅವುಗಳ ನಡುವೆ ಒಂದೋ ಎರಡೋ ಬೇರೆಯಾಗಿ ಕಾಣುತ್ತವೆ. ಒಂದರ ಕಾಲುಗಳು ಎರಡು ಬದಿಗೂ ಚಾಚಿಕೊಂಡಿರುತ್ತವೆ. ಇನ್ನೊಂದರ ಬೆರಳುಗಳು ಒಳಕ್ಕೆ ಮಡಚಿಕೊಂಡಿರುತ್ತವೆ. ಮತ್ತೊಂದು ಕತ್ತು ಎತ್ತಲಾರದೆ ಒರಗಿರುತ್ತದೆ. ಇಂಥ ಮರಿಯನ್ನು ಕಂಡಾಗ ಸಾಕುವವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕೆಲವರು ಇದು ಉಳಿಯುವ ಜೀವವಲ್ಲ ಎಂದು ಪಕ್ಕಕ್ಕಿಡುತ್ತಾರೆ. ಕೆಲವರು ಕರುಳು ಚುರುಕ್ಕೆಂದು ಆ ಕ್ಷಣವೇ ಕೊಕ್ಕು ಬಿಡಿಸಿ ನೀರು ಹುಯ್ಯುತ್ತಾರೆ, ಕಾಲು ಹಿಡಿದು ನೆಟ್ಟಗೆ ಎಳೆಯುತ್ತಾರೆ. ನಡೆ ಬೇರೆಯಾದರೂ ಇಬ್ಬರ ನಂಬಿಕೆ ಒಂದೇ: ಮೊಟ್ಟೆ ಒಡೆಯಿತೆಂದರೆ ಮರಿಯ ಮೈ ಕಟ್ಟಿ ಮುಗಿಯಿತು, ಈಗ ಕಾಣುತ್ತಿರುವ ಊನವೇ ಅದರ ಕೊನೆಯ ರೂಪ. ಭ್ರೂಣಶಾಸ್ತ್ರ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಮೊಟ್ಟೆಯೊಡೆಯುವುದು ಬೆಳವಣಿಗೆಯ ನಡುವೆ ಬರುವ ಒಂದು ಘಟ್ಟ. ಆಮೇಲಿನ ಮೂರು ನಾಲ್ಕು ದಿನ, ಹೆಚ್ಚೆಂದರೆ ಒಂದು ವಾರ, ಮರಿಯ ಕೀಲು, ಕರುಳು, ಮೈಬಿಸಿ ಎಲ್ಲವೂ ಇನ್ನೂ ತಿದ್ದುಪಡಿಗೆ ತೆರೆದಿರುತ್ತವೆ. ಹಾಗಾಗಿ ಊನದ ಕಾರಣವನ್ನು ಗುರುತಿಸಿ ಅದಕ್ಕೆ ತಕ್ಕ ಹೊತ್ತನ್ನು ಅರಿತರೆ ಅನೇಕ ಮರಿಗಳು ಎದ್ದು ಓಡಾಡುತ್ತವೆ. ಯಾವ ಮರಿ ಏಳುವುದಿಲ್ಲ ಎಂಬುದೂ ಅದೇ ತಿಳಿವಳಿಕೆಯಿಂದ ಗೊತ್ತಾಗುತ್ತದೆ.

ಕೊನೆಯ ಮೂರು ದಿನ ಮೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದರಿಂದಲೇ ಶುರು ಮಾಡಬೇಕು. ಅದುವರೆಗೆ ಭ್ರೂಣದ ಉಸಿರಾಟ ನಡೆಯುವುದು ಚಿಪ್ಪಿನ ಒಳಮೈಗೆ ಅಂಟಿಕೊಂಡ, ರಕ್ತನಾಳಗಳು ದಟ್ಟವಾಗಿ ಹರಡಿದ ಒಂದು ಪೊರೆಯ ಮೂಲಕ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಬಂದ ಆಮ್ಲಜನಕವನ್ನು ಆ ಪೊರೆ ಹೀರಿಕೊಳ್ಳುತ್ತದೆ. ಮರಿ ದೊಡ್ಡದಾದಂತೆ ಈ ಏರ್ಪಾಡು ಸಾಲದಾಗುತ್ತದೆ, ಇಂಗಾಲದ ಡೈಆಕ್ಸೈಡ್ ಒಳಗೆ ಏರುತ್ತದೆ. 19 ಅಥವಾ 20ನೆಯ ದಿನ ಮರಿ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಗೂಡಿಗೆ ಕೊಕ್ಕು ತೂರಿಸಿ ಮೊದಲ ಸಲ ಶ್ವಾಸಕೋಶದಿಂದ ಉಸಿರೆಳೆಯುತ್ತದೆ. ಬಳಿಕ ಕತ್ತಿನ ಹಿಂದಿನ ವಿಶೇಷ ಸ್ನಾಯುವಿನ ಬಲದಿಂದ, ಕೊಕ್ಕಿನ ತುದಿಯಲ್ಲಿರುವ ಗಟ್ಟಿ ಮುಳ್ಳಿನಿಂದ ಚಿಪ್ಪನ್ನು ಒಳಗಿನಿಂದ ಕುಟ್ಟಿ ಬಿರುಕು ಬಿಡಿಸುತ್ತದೆ. ಇಲ್ಲಿಂದ ಮುಂದೆ 12ರಿಂದ 24 ಗಂಟೆ ಹೊರಗೆ ಏನೂ ನಡೆಯದಂತೆ ಕಾಣುತ್ತದೆ. ಒಳಗೆ ಮಾತ್ರ ಬಿಡುವಿಲ್ಲದ ಕೆಲಸ. ಪೊರೆಯಲ್ಲಿದ್ದ ರಕ್ತ ಮರಿಯ ಮೈಗೆ ಹಿಂದಿರುಗುತ್ತದೆ, ಉಳಿದ ಹಳದಿಯ ಚೀಲ ಹೊಕ್ಕುಳದ ಮೂಲಕ ಹೊಟ್ಟೆಯೊಳಕ್ಕೆ ಸೇರುತ್ತದೆ, ಹೊಕ್ಕುಳ ಮುಚ್ಚಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಅವಸರಪಟ್ಟು ಚಿಪ್ಪು ಸುಲಿದರೆ ರಕ್ತನಾಳ ಹರಿಯುತ್ತದೆ, ಹಳದಿಚೀಲ ಹೊರಗೇ ಉಳಿಯುತ್ತದೆ. ತಾನಾಗಿ ಬರಬಹುದಾಗಿದ್ದ ಮರಿ ನೆರವಿನಿಂದಲೇ ದುರ್ಬಲವಾಗಿ ಹುಟ್ಟುತ್ತದೆ. ಬಿರುಕು ಬಿಟ್ಟು 24 ಗಂಟೆ ದಾಟಿಯೂ ಮುಂದುವರಿಯದಿದ್ದರೆ, ಪೊರೆ ಒಣಗಿ ಕಂದಾಗಿ ಮರಿಗೆ ಅಂಟಿಕೊಂಡಿದ್ದರೆ, ಅಥವಾ ಕೊಕ್ಕು ಮೊಟ್ಟೆಯ ಚೂಪು ತುದಿಯಲ್ಲಿ ಕಾಣಿಸಿಕೊಂಡರೆ ಆಗ ಕೈ ಹಾಕುವುದಕ್ಕೆ ಅರ್ಥವಿದೆ. ಆಗಲೂ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆಯನ್ನು ನೆನೆಸಿ, ಚಿಪ್ಪನ್ನು ಚೂರು ಚೂರಾಗಿ ತೆಗೆಯುತ್ತಾ, ಕೆಂಪು ಎಳೆಯೊಂದು ಕಂಡೊಡನೆ ನಿಲ್ಲಿಸಿ, ಮೊಟ್ಟೆಯನ್ನು ತೇವದ ಬಿಸಿಗೆ ಮರಳಿಸಿ ಕೆಲವು ಗಂಟೆ ಕಾಯಬೇಕು.

ಕೋಳಿಯ ಭ್ರೂಣದ ಬೆಳವಣಿಗೆಯನ್ನು 1951ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಮತ್ತು ಹೊವಾರ್ಡ್ ಹ್ಯಾಮಿಲ್ಟನ್ 46 ಹಂತಗಳಾಗಿ ವಿಂಗಡಿಸಿದರು. ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಬಳಸುವ ಆ ಪಟ್ಟಿಯಲ್ಲಿ ಮೊಟ್ಟೆಯೊಡೆದ ಮರಿಯೇ 46ನೆಯ ಹಂತ. ಪಟ್ಟಿ ಅಲ್ಲಿ ನಿಂತದ್ದು ಭ್ರೂಣಶಾಸ್ತ್ರದ ಅನುಕೂಲಕ್ಕೆ. ಮರಿಯ ಮೂಳೆ, ಕೀಲುಗಳು ಅಲ್ಲಿ ನಿಲ್ಲುವುದಿಲ್ಲ. ಕೀಲು ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ 1962ರಲ್ಲಿ ಡ್ರಾಕ್‌ಮನ್ ಮತ್ತು ಕೂಲೋಂಬ್ರ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ಅವರು ಮೊಟ್ಟೆಯೊಳಗಿನ ಮರಿಗೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಕ್ಯುರಾರೆ ಕೊಟ್ಟು ಒಂದೆರಡು ದಿನ ಅಲುಗಾಡದಂತೆ ಮಾಡಿದರು. ವಂಶವಾಹಿಯಲ್ಲಾಗಲಿ ಆಹಾರದಲ್ಲಾಗಲಿ ಯಾವ ಕೊರತೆಯೂ ಇಲ್ಲದ ಆ ಮರಿಗಳ ಪಾದ ತಿರುಚಿಕೊಂಡಿತು, ಕೀಲು ಬಿಗಿದುಕೊಂಡಿತು. ಕೀಲಿನ ಆಕಾರವನ್ನು ನಿರ್ಧರಿಸುವುದರಲ್ಲಿ ಚಲನೆಗೂ ಪಾಲಿದೆ ಎಂದು ಇದರಿಂದ ಗೊತ್ತಾಯಿತು. ಹಾಗಿದ್ದರೆ ಮೊಟ್ಟೆಯಿಂದ ಹೊರಬಂದ ಮರಿಯ ಕಾಲು ಮೊದಲ ದಿನಗಳಲ್ಲಿ ಯಾವ ಭಂಗಿಯಲ್ಲಿ ನಿಲ್ಲುತ್ತದೆ, ಎತ್ತ ತಳ್ಳುತ್ತದೆ ಎಂಬುದೂ ಅದರ ರೂಪವನ್ನು ಪ್ರಭಾವಿಸಲೇಬೇಕು. ಸಾಕುವವರ ಅನುಭವವೂ ಇದನ್ನೇ ಹೇಳುತ್ತದೆ.

ಕಾಲು ಅಗಲಿಸಿಕೊಂಡು ಬಿದ್ದ ಮರಿಯನ್ನೇ ತೆಗೆದುಕೊಳ್ಳೋಣ. ಮೊಟ್ಟೆಯೊಡೆದಾಗ 35ರಿಂದ 40 ಗ್ರಾಂ ತೂಗುವ ಮರಿಯ ತೊಡೆಯ ಒಳಭಾಗದ ಸ್ನಾಯುಗಳು ಇನ್ನೂ ಎಳಸು. ನೆಲ ನುಣುಪಾಗಿದ್ದರೆ, ಅಂದರೆ ಪ್ಲಾಸ್ಟಿಕ್ ಟ್ರೇ, ಹಾಸಿದ ಸುದ್ದಿಪತ್ರಿಕೆ ಇಂಥವುಗಳ ಮೇಲೆ ಮರಿ ಏಳಲು ಹೆಣಗಿದಷ್ಟೂ ಕಾಲು ಹೊರಕ್ಕೆ ಜಾರುತ್ತದೆ. ಜಾರಿದ ಕಾಲಿನಲ್ಲಿ ಸ್ನಾಯು ಆ ಭಂಗಿಗೇ ಹೊಂದಿಕೊಳ್ಳುತ್ತದೆ, ಬೆಳೆಯುತ್ತಿರುವ ಮೂಳೆ ಆ ಕಡೆಗೇ ತಿರುಗುತ್ತದೆ. ಬ್ರಾಯ್ಲರ್ ಮರಿಯ ತೂಕ ಮೊದಲ ವಾರದಲ್ಲೇ ಸುಮಾರು ನಾಲ್ಕು ಪಟ್ಟಾಗುತ್ತದೆ. ನಾಟಿ ಮರಿ ಅಷ್ಟು ವೇಗವಾಗಿ ಬೆಳೆಯದಿದ್ದರೂ ದಿನ ಕಳೆದಂತೆ ಊನದ ಮೇಲೆ ಬೀಳುವ ಭಾರ ಹೆಚ್ಚುತ್ತಲೇ ಹೋಗುತ್ತದೆ. ಆದರೆ ಮೂಳೆಯನ್ನು ಬೇಗ ಕೆಡಿಸುವ ಅದೇ ಎಳೆತನ ಅದನ್ನು ಬೇಗ ಸರಿಪಡಿಸಲೂ ಬಿಡುತ್ತದೆ. ಗಾಯಕ್ಕೆ ಅಂಟಿಸುವ ಬ್ಯಾಂಡೇಜನ್ನು ಉದ್ದುದ್ದಕ್ಕೆ ಕಿರಿದಾಗಿ ಕತ್ತರಿಸಿ ಎರಡೂ ಕಾಲಿಗೆ ಸಡಿಲವಾಗಿ ಸುತ್ತಿ, ನಡುವೆ ಮರಿಯ ಮೈಯಗಲದಷ್ಟು ಅಂತರ ಬಿಟ್ಟರೆ ಕಾಲುಗಳು ಮೈಯಡಿಗೆ ಬರುತ್ತವೆ. ಮರಿ ಮೊದಲು ಮುಗ್ಗರಿಸಿದರೂ ಕೆಲವೇ ಗಂಟೆಗಳಲ್ಲಿ ನಿಲ್ಲಲು ಕಲಿಯುತ್ತದೆ. ಪಟ್ಟಿ ಬಿಗಿದು ಕಾಲು ಊದಿಕೊಂಡಿದೆಯೇ ಎಂದು ದಿನಕ್ಕೆರಡು ಸಲವಾದರೂ ನೋಡಬೇಕು. ಸಾಮಾನ್ಯವಾಗಿ ಮೂರರಿಂದ ಐದು ದಿನ ಸಾಕು. ಇದರ ಜೊತೆಗೆ ಕಾಲಿಗೆ ಹಿಡಿತ ಸಿಗುವ ನೆಲವಿರಬೇಕು: ಒರಟು ಬಟ್ಟೆ, ಸುಕ್ಕುಕಾಗದ, ಅಥವಾ ಚೆನ್ನಾಗಿ ಹರಡಿದ ಭತ್ತದ ಹೊಟ್ಟು. ಮೊದಲ ಎರಡು ದಿನಗಳಲ್ಲೇ ಶುರು ಮಾಡಿದರೆ ಫಲ ಹೆಚ್ಚು. ವಾರ ಕಳೆದ ಮೇಲೆ ಅದೇ ಪಟ್ಟಿಯಿಂದ ಸಿಗುವುದು ಅಲ್ಪ.

ಕಾಲಿನ ವಿಷಯಕ್ಕೆ ಹೋಗುವ ಮೊದಲೇ ಬಿಸಿ ಒದಗಿರಬೇಕು. ಬೆಳೆದ ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹೊಸ ಮರಿಯದು ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ, ಅದನ್ನು ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕಿನ್ನೂ ಬಂದಿರುವುದಿಲ್ಲ. ಒದ್ದೆ ಪುಕ್ಕದ ಮರಿ ತಂಗಾಳಿಗೆ ಸಿಕ್ಕರೆ ನಿಮಿಷಗಳಲ್ಲೇ ತಣ್ಣಗಾಗುತ್ತದೆ. ತಣ್ಣಗಾದ ಮರಿ ತಿನ್ನುವುದಿಲ್ಲ, ತಿನ್ನದ ಮರಿಯೊಳಗೆ ಬಿಸಿ ಹುಟ್ಟುವುದಿಲ್ಲ. ಮೊದಲ ದಿನಗಳಲ್ಲಿ 33ರಿಂದ 35 ಡಿಗ್ರಿಯ ತಾವು ಬೇಕು, ಬಳಿಕ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬಹುದು. ಆರೋಗ್ಯದ ಮರಿಗಳ ಗುಂಪಿಗೆ ಬಲ್ಬು ತೂಗುಬಿಟ್ಟರೆ ಸಾಕು. ಚಳಿಯಾದರೆ ಅವು ಅದರಡಿ ಮುತ್ತಿಕೊಳ್ಳುತ್ತವೆ, ಸೆಕೆಯಾದರೆ ದೂರ ಸರಿಯುತ್ತವೆ. ಏಳಲಾರದ ಮರಿಗೆ ಈ ಆಯ್ಕೆಯೇ ಇಲ್ಲ. ಅದನ್ನು ಉರಿಯುವ ಬಲ್ಬಿನ ನೇರ ಕೆಳಗೆ ಇಟ್ಟು ಮರೆತರೆ ಬಿಸಿಯೇ ಅದನ್ನು ಕೊಲ್ಲಬಹುದು. ಹಾಗಾಗಿ ಅದರ ತಾವಿನಲ್ಲಿ ಮರಿಯ ಬೆನ್ನಿನ ಎತ್ತರದಲ್ಲೇ ಥರ್ಮಾಮೀಟರ್ ಇಟ್ಟು ನೋಡಬೇಕು, ಮರಿ ಬಾಯಿ ತೆರೆದು ಏದುಸಿರು ಬಿಡುತ್ತಿದೆಯೇ ಎಂದು ಗಮನಿಸಬೇಕು. ನೀರಿನ ವಿಷಯದಲ್ಲೂ ಎಚ್ಚರ ಬೇಕು. ಹಕ್ಕಿಯ ಉಸಿರುದಾರಿಯ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಗಂಟಲಿಗೆ ಹುಯ್ದ ನೀರು ಸುಲಭವಾಗಿ ಶ್ವಾಸಕೋಶ ಸೇರುತ್ತದೆ. ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿದರೆ ಅಥವಾ ಕೊಕ್ಕಿನ ಬದಿಗೆ ಒಂದೊಂದೇ ಹನಿ ತಾಗಿಸಿದರೆ ಮರಿ ತಾನೇ ಕತ್ತೆತ್ತಿ ನುಂಗುತ್ತದೆ. ನೀರಿನ ತಟ್ಟೆಗೆ ಸಣ್ಣ ಬೆಣಚುಕಲ್ಲು ತುಂಬಿದರೆ ಮರಿ ಅದರಲ್ಲಿ ಬಿದ್ದು ಮುಳುಗುವ ಭಯವಿಲ್ಲ.

ಹಳದಿಯ ಬಗ್ಗೆ ಒಂದು ಅರ್ಧಸತ್ಯ ಬಳಕೆಯಲ್ಲಿದೆ: ಹೊಟ್ಟೆಯೊಳಗೆ ಹಳದಿ ಇರುವುದರಿಂದ ಮೂರು ದಿನ ಮರಿಗೆ ಏನೂ ಕೊಡಬೇಕಾಗಿಲ್ಲ ಎಂಬುದು. ಮರಿಯ ತೂಕದ ಹತ್ತರಲ್ಲೊಂದು ಪಾಲಿಗೂ ಹೆಚ್ಚಿರುವ ಆ ಬುತ್ತಿ ಅದನ್ನು ಎರಡು ಮೂರು ದಿನ ಬದುಕಿಸಬಲ್ಲದು ಎನ್ನುವುದು ನಿಜ. ಒಂದು ದಿನದ ಮರಿಗಳನ್ನು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದು ಅದರಿಂದಲೇ. ತಾಯಿಯಿಂದ ಬಂದ ರೋಗನಿರೋಧಕ ಪ್ರೋಟೀನುಗಳೂ ಆ ಹಳದಿಯಲ್ಲಿರುತ್ತವೆ. ಆದರೆ ಬದುಕಿರುವುದು ಬೇರೆ, ಬೆಳೆಯುವುದು ಬೇರೆ. ಕರುಳಿನ ಒಳಮೈ ಮೊದಲ ದಿನಗಳಲ್ಲೇ ಅತಿ ವೇಗವಾಗಿ ಹರವು ಪಡೆಯುತ್ತದೆ, ಅದಕ್ಕೆ ಹೊರಗಿನ ಆಹಾರದ ಸ್ಪರ್ಶ ಬೇಕು. ಬೇಗ ತಿಂದ ಮರಿಗಳು ಒಳಗಿನ ಹಳದಿಯನ್ನೂ ಬೇಗ ಬಳಸಿಕೊಳ್ಳುತ್ತವೆ ಎಂದು ಸಂಶೋಧನೆಗಳು ತೋರಿಸಿವೆ. ಆದ್ದರಿಂದ ದುರ್ಬಲ ಮರಿಗೆ ಮೈ ಒಣಗಿ ಬೆಚ್ಚಗಾದ ಕೂಡಲೇ ನೆನೆಸಿದ ಸ್ಟಾರ್ಟರ್ ಆಹಾರವನ್ನು ಕೊಕ್ಕಿಗೆ ಎಟುಕುವಂತೆ ಇಡುವುದು ಸರಿಯಾದ ಕ್ರಮ.

ಇನ್ನು ಆಹಾರದ ಕೊರತೆಯಿಂದಲೇ ಬರುವ ಊನಗಳಿವೆ. ಇವುಗಳ ಇತಿಹಾಸ ಕೋಳಿಯಿಂದ ಮನುಷ್ಯನವರೆಗೆ ಹಬ್ಬಿದೆ. 19ನೆಯ ಶತಮಾನದ ಕೊನೆಯಲ್ಲಿ ಜಾವಾದ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದಾಗ ಪ್ರಯೋಗಾಲಯದ ಕೋಳಿಗಳು ತೂರಾಡಿ ಕುಸಿಯತೊಡಗಿದವು. ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಷ್ ಅಕ್ಕಿಯ ಅನ್ನ ಅವುಗಳ ಆಹಾರವಾಗಿತ್ತು. ಅದು ನಿಂತು ತೌಡು ತೆಗೆಯದ ಅಕ್ಕಿ ಸಿಕ್ಕಾಗ ಅವು ಚೇತರಿಸಿಕೊಂಡವು. ತೌಡಿನಲ್ಲಿದ್ದ ಆ ವಸ್ತು ಥಯಾಮಿನ್, ಅಂದರೆ ಬಿ1 ಎಂದು ಮುಂದೆ ತಿಳಿಯಿತು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಪಾಲು ಬಂತು. ಇದೇ ಬಿ1 ಕೊರತೆಯಿದ್ದ ಮರಿ ಕತ್ತನ್ನು ಬೆನ್ನಿಗೆ ಬಾಗಿಸಿ ಆಕಾಶ ನೋಡುತ್ತಾ ಬೀಳುತ್ತದೆ, ವಿಟಮಿನ್ ಸಿಕ್ಕರೆ ಕೆಲವೇ ಗಂಟೆಗಳಲ್ಲಿ ಸುಧಾರಿಸಬಲ್ಲದು. ಬೆರಳು ಒಳಕ್ಕೆ ಮಡಚಿಕೊಳ್ಳುವ ಊನಕ್ಕೆ ರೈಬೋಫ್ಲೇವಿನ್, ಅಂದರೆ ಬಿ2 ಕೊರತೆ ಒಂದು ಮುಖ್ಯ ಕಾರಣ. ಕಾಲಿನ ದೊಡ್ಡ ನರ ಊದಿಕೊಂಡು ಬೆರಳು ಚಾಚದಂತಾಗುತ್ತದೆ. ಬಿ2 ಅನ್ನು ಮೊಟ್ಟೆಗೆ ಸಾಗಿಸುವ ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಒಂದು ಕೋಳಿವಂಶವನ್ನು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಅದರ ಮೊಟ್ಟೆಗಳಲ್ಲಿ ಭ್ರೂಣ 13ನೆಯ ದಿನದ ಸುಮಾರಿಗೆ ಸಾಯುತ್ತದೆ, ಮೊಟ್ಟೆಗೆ ಬಿ2 ಚುಚ್ಚಿದರೆ ಬದುಕುತ್ತದೆ. ವಂಶವಾಹಿಯ ದೋಷವೆನಿಸಿದ್ದೂ ಹೊತ್ತಿಗೆ ಸರಿಯಾಗಿ ಒದಗಿದ ಒಂದು ವಿಟಮಿನ್‌ನಿಂದ ನಿವಾರಣೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಸಿಗುವುದು ಕಷ್ಟ. ನಮ್ಮ ಹಳ್ಳಿಮನೆಗಳಲ್ಲಿ ಮರಿಗಳಿಗೆ ಅಕ್ಕಿನುಚ್ಚು ಎರಚುವ ರೂಢಿ ಇದೆ. ಹೇಂಟೆಯ ಹಿಂದೆ ತಿಪ್ಪೆ ಕೆದಕಿ ಹುಳುಹುಪ್ಪಟೆ, ಹಸಿರು ಗರಿಕೆ ತಿನ್ನುವ ಮರಿಗೆ ನುಚ್ಚಿನ ಕೊರತೆ ಅಲ್ಲಿ ತುಂಬಿಹೋಗುತ್ತದೆ. ದುರ್ಬಲವೆಂದು ಮಂಕರಿಯಡಿ ಮುಚ್ಚಿ ಬರೀ ನುಚ್ಚು ಹಾಕಿದ ಮರಿಗೆ ಅದು ತುಂಬುವುದಿಲ್ಲ. ಅಂದರೆ ಯಾವುದಕ್ಕೆ ಪೋಷಣೆ ಹೆಚ್ಚು ಬೇಕೋ ಅದಕ್ಕೇ ಕಡಿಮೆ ಸಿಗುತ್ತದೆ.

ಎಲ್ಲ ಊನವೂ ಹೀಗೆ ಹಿಂದಿರುಗುತ್ತದೆಂದು ಭಾವಿಸಬಾರದು. ಕಾಲಿನ ಹಿಂಗೀಲಿನ ಮೇಲಿಂದ ಹಾದುಹೋಗುವ ಸ್ನಾಯುರಜ್ಜು ಪಕ್ಕಕ್ಕೆ ಜಾರಿ ಕಾಲು ತಿರುಚುವ ಊನಕ್ಕೆ ಮ್ಯಾಂಗನೀಸ್ ಕೊರತೆ ಕಾರಣವಾಗಬಲ್ಲದೆಂದು 1930ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಕೊರತೆ ತುಂಬಿದರೆ ಮುಂದಿನ ಮರಿಗಳಿಗೆ ಅದು ಬಾರದಂತೆ ತಡೆಯಬಹುದು, ಒಮ್ಮೆ ಜಾರಿ ಮೂಳೆ ಬಾಗಿದ ಕಾಲು ಮಾತ್ರ ಮ್ಯಾಂಗನೀಸ್ ಕೊಟ್ಟರೂ ನೆಟ್ಟಗಾಗದು. ತಲೆ, ಕತ್ತು ಸಣ್ಣಗೆ ನಡುಗುತ್ತಾ ಹಲವು ಮರಿಗಳು ಒಟ್ಟಿಗೆ ಕುಸಿದರೆ ತಾಯಿಯಿಂದ ಮೊಟ್ಟೆಗೆ ದಾಟುವ ಮಿದುಳು ಸೋಂಕಿನ ವೈರಸ್ ಇರಬಹುದು. ಅದಕ್ಕೆ ಚಿಕಿತ್ಸೆಯಿಲ್ಲ, ತಾಯಿಕೋಳಿಗಳಿಗೆ ಲಸಿಕೆ ಹಾಕಿಸುವುದೇ ದಾರಿ. ಹೊಟ್ಟೆ ಉಬ್ಬಿ, ಹೊಕ್ಕುಳ ಒದ್ದೆಯಾಗಿ ನಾರುತ್ತಿದ್ದರೆ ಹಳದಿಚೀಲಕ್ಕೆ ಬ್ಯಾಕ್ಟೀರಿಯಾ ತಗುಲಿದೆ ಎಂದರ್ಥ. ಇಂಥ ಮರಿಯನ್ನು ಗುಂಪಿನಿಂದ ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು, ಮನೆಯಲ್ಲಿದ್ದ ಮಾತ್ರೆ ಅರೆದು ಕುಡಿಸುವುದರಿಂದ ಪ್ರಯೋಜನವಿಲ್ಲ. ಎರಡು ತಿಂಗಳ ಕೋಳಿ ಒಂದು ಕಾಲು ಮುಂದಕ್ಕೆ ಒಂದು ಕಾಲು ಹಿಂದಕ್ಕೆ ಚಾಚಿ ಬಿದ್ದರೆ ಅದು ಮಾರೆಕ್ ರೋಗವಿರಬಹುದು. ಅದರ ಕಥೆಯೇ ಬೇರೆ, ಕಾಲಿನ ಪಟ್ಟಿಗೂ ವಿಟಮಿನ್ ಹನಿಗೂ ಅದು ಜಗ್ಗುವುದಿಲ್ಲ.

ಬೇರ್ಪಡಿಸುವುದೆಂದರೆ ಒಂಟಿಯಾಗಿಸುವುದು ಎಂದು ತಿಳಿಯಬೇಕಾಗಿಲ್ಲ. ಮರಿಗಳ ಒಡನಾಟ ಚಿಪ್ಪಿನೊಳಗೇ ಶುರುವಾಗುತ್ತದೆ. 1960ರ ದಶಕದಲ್ಲಿ ಮಾರ್ಗರೆಟ್ ವಿನ್ಸ್ ಎಂಬ ಬ್ರಿಟಿಷ್ ಸಂಶೋಧಕಿ ಗೌಜಲಿನ ಬಳಗದ ಕ್ವೇಲ್ ಹಕ್ಕಿಯ ಮೊಟ್ಟೆಗಳು ಒಂದಕ್ಕೊಂದು ತಾಗಿಕೊಂಡಿದ್ದಾಗ ಒಳಗಿನ ಮರಿಗಳ ಟಿಕ್‌ಟಿಕ್ ಸದ್ದು ಹಿಂದುಳಿದ ಮರಿಯನ್ನು ಅವಸರಿಸಿ ಎಲ್ಲ ಒಟ್ಟಿಗೆ ಒಡೆಯುವಂತೆ ಮಾಡುತ್ತದೆ ಎಂದು ತೋರಿಸಿದರು. ಹೊರಬಂದ ಮೇಲೆ ಏನನ್ನು ಕುಕ್ಕಬೇಕೆಂಬುದನ್ನು ಮರಿ ಹೇಂಟೆಯ ಕೊಕ್ಕಿನ ಚಲನೆಯಿಂದಲೂ ಒಡನಾಡಿಗಳಿಂದಲೂ ಕಲಿಯುತ್ತದೆ. ಒಂಟಿ ಮರಿ ಎಡೆಬಿಡದೆ ಕೂಗುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಗುಂಪಿನಲ್ಲೇ ಬಿಟ್ಟರೆ ತುಳಿತ, ಕುಕ್ಕುವಿಕೆ. ನಡುವೆ ಜಾಲರಿ ಅಡ್ಡವಿಟ್ಟು ಉಳಿದವು ಕಾಣುವಂತೆ ಇಡುವುದು, ಅಥವಾ ಸೋಂಕಿನ ಶಂಕೆ ಇಲ್ಲದಿದ್ದರೆ ಒಂದು ಸಾಧು ಮರಿಯನ್ನು ಜೊತೆಗೆ ಬಿಡುವುದು ಈ ಎರಡು ತೊಂದರೆಗೂ ಪರಿಹಾರ. ಆಹಾರದ ಮೇಲೆ ಬೆರಳ ತುದಿಯಿಂದ ಟಕಟಕನೆ ತಟ್ಟಿದರೂ ಮರಿ ಅತ್ತ ಕೊಕ್ಕು ಚಾಚುತ್ತದೆ.

ಈ ವಾದಕ್ಕೆ ಮೊದಲ ಆಕ್ಷೇಪ ಪ್ರಕೃತಿಯ ಹೆಸರಿನಲ್ಲಿ ಬರುತ್ತದೆ. ದುರ್ಬಲವಾದದ್ದು ಸಾಯುವುದು ನಿಯಮ, ಹೇಂಟೆ ಕೂಡ ತಡವಾಗಿ ಒಡೆಯುವ ಮೊಟ್ಟೆಯನ್ನು ಬಿಟ್ಟೇ ಹೋಗುತ್ತದೆ, ನಾವು ಅಡ್ಡ ಬಂದರೆ ತಳಿಯೇ ಕೆಡುತ್ತದೆ ಎನ್ನುತ್ತಾರೆ. ಹೇಂಟೆ ಬಿಟ್ಟು ಹೋಗುವುದು ನಿಜ. ಆದರೆ ಅದು ಮರಿಯನ್ನು ಪರೀಕ್ಷಿಸಿ ತೀರ್ಪು ಕೊಡುವುದಿಲ್ಲ. ಒಡೆದ ಮರಿಗಳಿಗೆ ಮೇವು ಬೇಕಾಗಿರುವುದರಿಂದ ಹೊರಡುತ್ತದೆ, ಕಾವಿನ ಅಂಚಿನಲ್ಲಿದ್ದು ಬಿಸಿ ಕಡಿಮೆ ಸಿಕ್ಕ ಮೊಟ್ಟೆ ಹಿಂದುಳಿದಿರುತ್ತದೆ. ಕಾವುಪೆಟ್ಟಿಗೆಯ ಮರಿಯ ವಿಷಯದಲ್ಲಂತೂ ಪ್ರಕೃತಿಯ ಮಾತೇ ಹೊಂದುವುದಿಲ್ಲ. 37.5 ಡಿಗ್ರಿಯಲ್ಲಿರಬೇಕಾದ ಬಿಸಿ ಏರಿಳಿದದ್ದು, ಕೊನೆಯ ದಿನಗಳಲ್ಲಿ ತೇವ ಸಾಲದೆ ಹೋದದ್ದು, ನುಣುಪು ಟ್ರೇ, ತಾಯಿಕೋಳಿಯ ಆಹಾರದ ಕೊರತೆ, ಇವೆಲ್ಲ ಮನುಷ್ಯರ ಏರ್ಪಾಡಿನ ದೋಷಗಳು. ಅವುಗಳಿಂದ ಸತ್ತ ಮರಿ ತಳಿಯನ್ನು ಶುದ್ಧಗೊಳಿಸುವುದಿಲ್ಲ. ಥಾಯ್ಲೆಂಡಿನ ಬಾನ್ ನಾನ್ ವಾಟ್‌ನಲ್ಲಿ ಸಿಕ್ಕಿರುವ ಸಾಕುಕೋಳಿಯ ಮೂಳೆಗಳು ಸುಮಾರು 3,500 ವರ್ಷ ಹಿಂದಿನವು. ಅಂದಿನಿಂದ ಕೋಳಿಯ ಆಯ್ಕೆ ನಮ್ಮ ಕೈಯಲ್ಲಿದೆ. ವೈಟ್ ಲೆಗ್‌ಹಾರ್ನ್‌ನಂಥ ತಳಿಗಳಲ್ಲಿ ಕಾವಿಗೆ ಕೂರುವ ಗುಣವನ್ನೇ ನಾವು ಬಹುಪಾಲು ಅಳಿಸಿದ್ದೇವೆ. ತಾಯ್ತನವನ್ನು ಕಿತ್ತುಕೊಂಡವರು ಮರಿಯನ್ನು ಪ್ರಕೃತಿಗೆ ಒಪ್ಪಿಸಿದೆವು ಎನ್ನುವುದು ಹೊಣೆ ಜಾರಿಸಿದಂತೆ. ವಂಶವಾಹಿಯ ಊನಗಳೂ ಇವೆ. ಕುಳ್ಳಗಾಲಿನ ಕ್ರೀಪರ್ ಗುಣದ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಮೊಟ್ಟೆಯಲ್ಲೇ ಸಾಯುತ್ತದೆ. ಒಂದೇ ಜೋಡಿಯ ಮೊಟ್ಟೆಗಳಲ್ಲಿ ಮತ್ತೆ ಮತ್ತೆ ಅದೇ ಊನ ಕಂಡರೆ ಆ ಜೋಡಿಯಿಂದ ತಳಿ ಮುಂದುವರಿಸಬಾರದು. ಮರಿಯನ್ನು ಸಾಕುವುದಕ್ಕೂ ಅದರಿಂದ ಸಂತಾನ ಪಡೆಯುವುದಕ್ಕೂ ನಡುವೆ ಆಯ್ಕೆಯ ಅವಕಾಶ ಇದ್ದೇ ಇದೆ.

ಎರಡನೆಯ ಆಕ್ಷೇಪ ಲೆಕ್ಕಾಚಾರದ್ದು. ಸಾವಿರಾರು ಮರಿ ತೆಗೆಯುವ ಹ್ಯಾಚರಿಯಲ್ಲಿ ಒಂದೊಂದು ಮರಿಗೆ ಪಟ್ಟಿ ಸುತ್ತುತ್ತಾ ಕೂರಲು ಸಾಧ್ಯವೇ ಎಂಬ ಪ್ರಶ್ನೆ ಸರಿಯಾದುದೇ, ಸಾಧ್ಯವಿಲ್ಲ ಎಂಬ ಉತ್ತರವೂ ಸರಿಯೇ. ಆದರೆ ಅಲ್ಲಿನ ಪದ್ಧತಿಯನ್ನು ಹತ್ತು ಮರಿಯ ಹಿತ್ತಿಲಿಗೆ ತಂದರೆ ಲೆಕ್ಕ ತಪ್ಪುತ್ತದೆ. ಹಿತ್ತಿಲಲ್ಲಿ ಒಂದು ಮರಿಯೆಂದರೆ ಹತ್ತರಲ್ಲೊಂದು ಪಾಲು, ಖರ್ಚು ಒಂದು ತುಂಡು ಪಟ್ಟಿ ಮತ್ತು ಒಂದಿಷ್ಟು ಗಮನ. ಮೂರನೆಯ ಆಕ್ಷೇಪ ಇನ್ನೂ ಗಂಭೀರ: ಉಳಿಯದ ಜೀವವನ್ನು ಹಿಡಿದಿಟ್ಟು ನರಳಿಸುವುದು ಕರುಣೆಯೇ? ಇದನ್ನು ಒಪ್ಪಲೇಬೇಕು, ಇದಕ್ಕೆ ಉತ್ತರವೂ ಮೊದಲ ವಾರದ ಗಡುವಿನಲ್ಲೇ ಇದೆ. ಬಿಸಿ, ನೀರು, ಆಹಾರ, ಆಧಾರ ಎಲ್ಲ ಒದಗಿದ ಮೇಲೂ ಮೂರು ನಾಲ್ಕು ದಿನದಲ್ಲಿ ತಾನಾಗಿ ಕುಕ್ಕದ, ತೂಕ ಇಳಿಯುತ್ತಲೇ ಹೋಗುವ, ಉಸಿರಿಗೆ ಒದ್ದಾಡುವ ಮರಿಗೆ ಪಶುವೈದ್ಯರ ಕೈಯಲ್ಲಿ ನೋವಿಲ್ಲದ ಕೊನೆ ಕೊಡಿಸುವುದೇ ನ್ಯಾಯ. ಕುಂಟುತ್ತಲೇ ತಿಂದುಂಡು ಬೆಳೆಯುವ ಮರಿ, ಓರೆಕೊಕ್ಕಾಗಿಯೂ ಆಳವಾದ ಬಟ್ಟಲಿನಿಂದ ಬಾಚಿ ತಿನ್ನಬಲ್ಲ ಮರಿ ಆ ಸಾಲಿಗೆ ಸೇರುವುದಿಲ್ಲ. ನೋಟಕ್ಕೆ ಕಾಣುವ ಊನವನ್ನು ಬಿಟ್ಟು, ಮರಿ ತಿನ್ನುತ್ತಿದೆಯೇ, ತೂಕ ಏರುತ್ತಿದೆಯೇ ಎಂಬುದನ್ನು ಅಳತೆಗೋಲು ಮಾಡಿಕೊಂಡರೆ ನಿರ್ಧಾರ ಭಾವುಕತೆಯಿಂದಲೂ ಬೇಸರದಿಂದಲೂ ಪಾರಾಗುತ್ತದೆ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು.

ದುರ್ಬಲ ಮರಿಯ ಆರೈಕೆಗೆ ಇನ್ನೊಂದು ಫಲವೂ ಇದೆ. ಮರಿ ಉಳಿದರೂ ಉಳಿಯದಿದ್ದರೂ ಅದರ ಊನ ಕಳೆದ ಮೂರು ವಾರದ ಬಗ್ಗೆ ಏನನ್ನೋ ತಿಳಿಸುತ್ತದೆ. ಒಂದು ಸಲಕ್ಕೆ ಒಂದು ಮರಿ ಕಾಲಗಲಿಸಿದರೆ ಆಕಸ್ಮಿಕವಿರಬಹುದು, ನಾಲ್ಕೈದು ಅಗಲಿಸಿದರೆ ಟ್ರೇಯ ನೆಲವನ್ನು, ಬಿಸಿಯನ್ನು ಪರೀಕ್ಷಿಸಬೇಕು. ಹಲವು ಮರಿಗಳ ಬೆರಳು ಮಡಚಿದ್ದರೆ ಔಷಧಿ ಬೇಕಾಗಿರುವುದು ಹೇಂಟೆಯ ಮೇವಿಗೆ. ಪೊರೆ ಒಣಗಿ ಅಂಟಿದ ಮೊಟ್ಟೆಗಳು ಹೆಚ್ಚಾದರೆ ಮುಂದಿನ ಸಲ 18ನೆಯ ದಿನದಿಂದ ತೇವವನ್ನು ಶೇಕಡಾ 65ರಿಂದ 70ಕ್ಕೆ ಏರಿಸಿ, ಪೆಟ್ಟಿಗೆಯ ಮುಚ್ಚಳವನ್ನು ಪದೇ ಪದೇ ತೆರೆಯದಿರಬೇಕು. ಹೊಕ್ಕುಳ ನಾರಿದರೆ ಕೊಳಕು ಮೊಟ್ಟೆಗಳನ್ನು ಕಾವಿಗೆ ಇಡುವುದನ್ನು ನಿಲ್ಲಿಸಬೇಕು. ಮೊಟ್ಟೆ ಇಟ್ಟ ದಿನ, ಯಾವ ಕೋಳಿಯದು, ಬಿಸಿ ಎಷ್ಟು, ಎಷ್ಟು ಒಡೆದವು, ಯಾವ ಊನ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವವರಿಗೆ ಎರಡು ಮೂರು ಕಾವಿನೊಳಗೆ ಕಾರಣ ತಾನಾಗಿ ಎದ್ದು ಕಾಣುತ್ತದೆ. ಮೊಟ್ಟೆಯೊಡೆಯುವುದು ಬೆಳವಣಿಗೆಯ ನಡುಘಟ್ಟ ಎಂದು ಒಪ್ಪಿದ ಮೇಲೆ ಆರೈಕೆ ಅದರ ಎರಡೂ ಕಡೆಗೆ ಚಾಚಬೇಕಾಗುತ್ತದೆ. ಮುಂದಕ್ಕೆ ಒಂದು ವಾರ ಬಿಸಿ, ನೆಲ, ಮೇವು. ಹಿಂದಕ್ಕೆ 21 ದಿನದ ಕಾವು, ಅದಕ್ಕೂ ಮೊದಲು ಹೇಂಟೆ ತಿಂದ ಆಹಾರ. ಸಾಕುವವರ ಶ್ರಮಕ್ಕೆ ಹೆಚ್ಚು ಫಲ ಸಿಗುವುದು ಈ ಎರಡನೆಯ ಕಡೆಯಲ್ಲೇ.